ಹೊಗೆ ಹಿಡಿದ ಕೋಕೋ

ಕೋಕೋ ಬೀಜ ಕೊಳ್ಳುವವರಿಗೆ ನನ್ನದೊಂದು ಮಾತು: ಮೂಗು ಒಪ್ಪುವ ತನಕ ಬಾಯಿಂದ ದರ ಹೊರಡಿಸಬೇಡಿ. ಚಂದ್ರಾ ಲೇಔಟಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ, ಇಡ್ಲಿ ಹಿಟ್ಟಿನ ಗ್ರೈಂಡರಿನಂಥದೇ ಕಲ್ಲಿನಲ್ಲಿ ಕೋಕೋ ರುಬ್ಬಿ ಚಾಕೊಲೇಟ್ ಮಾಡಿ ಮಾರುತ್ತೇನೆ. ಮೂಗಿನ ಈ ಪಾಠವನ್ನು ನನಗೆ ಯಾರೂ ಹೇಳಿಕೊಡಲಿಲ್ಲ.

ಕಳೆದ ಜೂನಿನಲ್ಲಿ ಸುಳ್ಯದ ಕಡೆಯ ರೈತರೊಬ್ಬರು ಬೆಳಗಿನ ಬಸ್ಸಿಗೆ ಬಂದು, ಆಟೊದಿಂದ ಒಂದೇ ಚೀಲ ಇಳಿಸಿದರು. ಪ್ರತಿ ವರ್ಷ ಆಟೊ ತುಂಬ ತರುತ್ತಿದ್ದವರು. ತೆಂಗಿನ ಮರಗಳ ನಡುವೆ ಅವರದು ಎರಡೆಕರೆ ಕೋಕೋ. ನನ್ನ ಚಾಕೊಲೇಟಿನ ರುಚಿ ಎಂದು ಜನ ಹೊಗಳುವುದೆಲ್ಲ ಆ ಎರಡೆಕರೆಯದೇ.

ಚೀಲದ ಬಾಯಿ ಬಿಚ್ಚಿ ಮೂಗಿಟ್ಟೆ. ಹುಳಿ ಬೆರೆತ ಘಮ ಬರಬೇಕಾದಲ್ಲಿ ಸುಟ್ಟ ಬದನೆಕಾಯಿಯ ವಾಸನೆ.

"ಅಣ್ಣ, ಹೊಗೆ ಹಿಡಿದಿದೆಯಲ್ಲ," ಎಂದೆ.

ಅವರು ನಕ್ಕರು. "ಶುರು ಮಾಡಿದ್ರಾ ಅಕ್ಕ? ಹೋದ ವರ್ಷ ಬೀಜ ಸಣ್ಣ, ಅದರ ಹಿಂದೆ ಸಿಪ್ಪೆ ದಪ್ಪ, ಈಗ ಹೊಗೆ. ಕಾಫಿಯಾದ್ರೂ ಕೊಟ್ಟು ಬೈಯಿರಿ ಮಾರಾಯ್ರೆ."

ನಮ್ಮಿಬ್ಬರ ವ್ಯಾಪಾರ ನಡೆದು ಬಂದದ್ದೇ ಹಾಗೆ. ನಾನು ಹುಳುಕು ತೆಗೆಯುತ್ತೇನೆ, ಅವರು ಚೀಲ ಹೊತ್ತು ಗೇಟಿನ ತನಕ ಹೋಗುತ್ತಾರೆ, ನಾನು ಕೂಗಿ ಕರೆಯುತ್ತೇನೆ, ದರ ಕುದುರುತ್ತದೆ. ಅಂದೂ ಗೇಟಿನ ತನಕ ಹೋದರು. ನಾನು ಕೂಗಲಿಲ್ಲ. ಅವರೇ ತಿರುಗಿ, "ಎಂತ ಅಕ್ಕ, ಗಂಟಲು ಕಟ್ಟಿದೆಯಾ?" ಎಂದರು.

ಒಳಗೆ ಕರೆದು ಕೂರಿಸಿದೆ. ಹೋದ ವರ್ಷದ ಅವರದೇ ಬೀಜ ಸ್ವಲ್ಪ ಉಳಿದಿತ್ತು. ಅದನ್ನೂ ಹೊಸದನ್ನೂ ಬೇರೆ ಬೇರೆ ಬಾಣಲೆಯಲ್ಲಿ ಹುರಿದು, ಸಿಪ್ಪೆ ಬಿಡಿಸಿ, ಚೂರು ಬೆಲ್ಲದ ಜೊತೆ ಕೈಗಿಟ್ಟೆ. ಹಳೆಯದನ್ನು ಅಗಿದು ತಲೆಯಾಡಿಸಿದರು. ಹೊಸದನ್ನು ಬಾಯಿಗೆ ಹಾಕಿಕೊಂಡವರು ಅಗಿಯುವುದನ್ನೇ ನಿಲ್ಲಿಸಿದರು.

"ಬಿಸಿಲೇ ಇಲ್ಲ ಅಕ್ಕ. ಮೇ ತಿಂಗಳಲ್ಲೇ ಹಿಡಿದ ಮಳೆ, ಬಿಡ್ಲೇ ಇಲ್ಲ. ಒಲೆ ಮೇಲೆ ಕೊಬ್ಬರಿ ಒಣಗಿಸುವ ಅಟ್ಟ ಉಂಟಲ್ಲ, ಅದಕ್ಕೇ ಹಾಕಿದ್ದು. ಕೊಬ್ಬರಿಗೆ ಎಂತದೂ ಆಗುದಿಲ್ಲ."

ಕೊಬ್ಬರಿ ಗಾಣಕ್ಕೆ ಹೋಗುವಂಥದ್ದು, ಹೊಗೆ ನಡೆಯುತ್ತದೆ. ಕೋಕೋ ಹೀರಿಕೊಂಡ ಹೊಗೆಯನ್ನು ಎಷ್ಟು ಸಕ್ಕರೆ ಸುರಿದರೂ ಮುಚ್ಚಲಾಗದು.

"ಪ್ಲಾಸ್ಟಿಕ್ ಹೊದಿಸಿ ಒಂದು ಚಪ್ಪರ ಹಾಕ್ಸಿ ಅಣ್ಣ," ಎಂದೆ. "ಬಲೆ ಕಟ್ಟಿ ಅದರ ಮೇಲೆ ಹರಡಿ, ಎರಡೂ ಕಡೆ ಗಾಳಿ ಆಡ್ಲಿ. ಅಕ್ಕಪಕ್ಕದವರು ಸೇರ್ಕೊಂಡ್ರೆ ಭಾರ ಆಗಲ್ಲ."

"ಬೀಜಕ್ಕೆ ಚಪ್ಪರ ಆಯ್ತು. ಹೂವಿಗೆ?" ಎಂದರು. "ಮಾರ್ಚಿನ ಸೆಕೆಗೆ ಹೂವೆಲ್ಲ ಉದುರಿತು. ಕಚ್ಚಿದ ಕಾಯಿ ಮಳೆಗೆ ಕಪ್ಪಾಗಿ ಕೊಳೆಯಿತು. ಉಳಿದದ್ದು ಈ ಚೀಲ. ಮನೆಯವಳು ಮರ ಕಡಿಸುವ ಅಂತಾಳೆ. ನೀವು ಹೇಳಿ, ಕಡಿಯುದಾ, ಬಿಡುದಾ?"

ಸೈಟು ಕೊಳ್ಳುವವರಿಗೆ, ಅಂಗಡಿ ಹಾಕುವವರಿಗೆ, ಮಗಳಿಗೆ ಗಂಡು ಹುಡುಕುವವರಿಗೆ ಕೇಳದೆಯೇ ಸಲಹೆ ಕೊಟ್ಟವಳು ನಾನು. ಇಲ್ಲಿ, ಮರ ಉಳಿಸಿ ಎಂದರೆ ಅದು ನನ್ನ ಲಾಭದ ಮಾತು. ಕಡಿಯಿರಿ ಎಂದರೆ ನನ್ನ ಕಲ್ಲು ತಿರುಗುವುದು ನಿಲ್ಲುತ್ತದೆ. ಬೇರೆ ಬೆಳೆಗಾರರು ಫೋನಿನಲ್ಲೇ ಬೀಜವಿಲ್ಲ ಎಂದಾಗಿತ್ತು.

"ಅರ್ಧ ಉಳಿಸ್ಕೊಳ್ಳಿ ಅಣ್ಣ."

"ಯಾವ ಅರ್ಧ?" ಎಂದರು.

ದರ ಕುದುರಿಸುವಾಗ ನಡುವಿಗೆ ಬಂದು ನಿಲ್ಲುವವಳ ಹಾಗೆ ಹೇಳಿದ್ದೆ. ಯಾವ ಮರ ತಡೆದೀತು, ಯಾವುದು ತಡೆಯದು, ಅವರಿಗೂ ಗೊತ್ತಿರಲಿಲ್ಲ.

ಮಳೆ ನಿಂತ ಮೇಲೆ ಗುಡ್ಡದ ಬದಿಯ ಅರ್ಧ ಕಡಿಸಿದರು. ತೋಡಿನ ನೀರಿನ ಬದಿಯಲ್ಲಿ ಉಳಿಸಿಕೊಂಡ ಮರಗಳಿಗೂ ಈ ಮಾರ್ಚಿನಲ್ಲಿ ಹೂವು ನಿಂತಿಲ್ಲ ಎಂದು ನಿನ್ನೆ ಫೋನ್ ಮಾಡಿದ್ದರು. ಏನು ಮಾಡಲಿ ಎಂದು ಈ ಸಲ ನನ್ನನ್ನು ಕೇಳಲಿಲ್ಲ.