ಸವೆಯದ ಅಟ್ಟೆ

ಪೇಟೆಯ ಮೂಲೆಯಲ್ಲಿ ಮೂವತ್ತು ವರ್ಷದಿಂದ ಚಪ್ಪಲಿ ರಿಪೇರಿ ಮಾಡುತ್ತಿದ್ದವನಿಗೆ ಯಾರೇ ಎದುರಾದರೂ ಮುಖಕ್ಕಿಂತ ಮೊದಲು ಕಾಲೇ ಕಣ್ಣಿಗೆ ಬೀಳುತ್ತಿತ್ತು. ಊರಾಚೆಯ ಹೊಸ ಬಡಾವಣೆಗೆ ಮನೆ ನೋಡಲು ಹೋದಾಗಲೂ ಅಷ್ಟೇ. ಹೆಂಡತಿ ಅಡುಗೆಮನೆಯ ಬೆಳಕಿಗೆ ಮನಸೋತಳು. ಮಗಳು ಒಂದು ಕೋಣೆ ತನ್ನದೇ ಎಂದು ಹೇಳಿ ಒಳಗಿನಿಂದ ಬಾಗಿಲು ಹಾಕಿಕೊಂಡೂ ಆಯಿತು. ಇವನು ಮಾತ್ರ ಹೊರಗೆ ಕುಕ್ಕರಗಾಲಲ್ಲಿ ಕೂತು, ಪಕ್ಕದ ಮನೆಯವರು ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿಗಳನ್ನು ಒಂದೊಂದಾಗಿ ಮಗುಚಿ ನೋಡುತ್ತಿದ್ದ.

"ರೀ, ಮಾನ ಕಳೀಬೇಡಿ, ಏಳಿ ಮೇಲೆ!" ಎಂದು ಹೆಂಡತಿ ಗದರಿದಳು.

ಪಟ್ಟಿಗಳ ಬಣ್ಣವೆಲ್ಲ ಮಾಸಿತ್ತು, ಅಡಿಯ ಅಟ್ಟೆ ಮಾತ್ರ ಕೂದಲೆಳೆಯಷ್ಟೂ ಸವೆದಿರಲಿಲ್ಲ.

"ಏನಪ್ಪಾ, ಇಲ್ಲಿ ಯಾರೂ ನಡೆಯೋದೇ ಇಲ್ವಾ?" ಎಂದು ಮನೆ ತೋರಿಸುತ್ತಿದ್ದ ಏಜೆಂಟನನ್ನು ಕೇಳಿದ.

"ಯಾಕೆ ನಡೀಬೇಕು ಸಾರ್? ಹಾಲು ತರೋಕೂ ಕಾರಲ್ಲೇ ಹೋಗ್ತಾರೆ," ಎಂದ ಏಜೆಂಟ, ಹೆಮ್ಮೆಯಿಂದ.

ಇವನ ಕಣ್ಣು ಆಗಲೇ ಏಜೆಂಟನ ಬೂಟಿಗೆ ಇಳಿದಿತ್ತು. ಅದರ ಅಟ್ಟೆ ಮೊಳೆ ಕಾಣುವಷ್ಟು ಸವೆದಿತ್ತು.

"ನಿನ್ನ ಮನೆ ಎಲ್ಲಿ?"

"ಪೇಟೇಲೇ ಸಾರ್. ನಿಮ್ಮ ಅಂಗಡಿ ಹಿಂದಿನ ಬೀದಿ."

ಇವನು ಮೊಣಕಾಲಿಗೆ ಕೈಯೂರಿ ನಿಧಾನವಾಗಿ ಎದ್ದ.

"ನಾಳೆ ಬಾರಪ್ಪ, ಹೊಸ ಅಟ್ಟೆ ಹಾಕ್ಕೊಡ್ತೀನಿ. ನಾನು ಪೇಟೆ ಬಿಟ್ಟು ಬರಲ್ಲ, ಅಲ್ಲೇ ಇರ್ತೀನಿ."