ಅಂಟೆನಾ ಮಾವ

ನಮ್ಮ ಬೀದಿಯ ಟಿವಿ ರಿಪೇರಿಯವರನ್ನು ಎಲ್ಲರೂ ಕರೆಯುವುದು ಅಂಟೆನಾ ಮಾವ ಎಂದೇ. ಅವರ ಅಂಗಡಿಯಲ್ಲಿ ಅಂಟೆನಾ ಕೊಳ್ಳುವುದು ಸಂಬಂಧ ಕುದುರಿಸಿದಷ್ಟೇ ತಾಳ್ಮೆಯ ಕೆಲಸ. "ದೂರದ ಸ್ಟೇಷನ್ ಹಿಡೀಬೇಕು ಮಾವ, ಇರೋದ್ರಲ್ಲಿ ದೊಡ್ಡದು ಕೊಡಿ" ಎಂದರೆ, "ಕಿವಿ ದೊಡ್ಡದಿದ್ದ ಮಾತ್ರಕ್ಕೆ ದೂರದ್ದು ಕೇಳಿಸುತ್ತೇನಯ್ಯಾ? ಮೊದಲು ನಿಮ್ಮನೆಗೆ ಏನೇನು ಅಡ್ಡ ಇದೆ ಹೇಳು" ಎನ್ನುತ್ತಾರೆ. ಗುಡ್ಡ, ಮರ, ಪಕ್ಕದವರ ನೀರಿನ ಟ್ಯಾಂಕು ಎಲ್ಲವನ್ನೂ ವಿಚಾರಿಸಿ, ಅಷ್ಟಕ್ಕೂ ನಂಬಿಕೆ ಬಾರದೆ ತಾವೇ ನಮ್ಮ ತಾರಸಿ ಹತ್ತುತ್ತಾರೆ. ಅಲ್ಲಿ ಕಂಬ ತಿರುಗಿಸುತ್ತ "ಬಂತಾ?" ಎಂದು ಕೂಗಿದರೆ, ಟಿವಿ ಇಲ್ಲದ ಮನೆಯವರೂ "ಬಂತು, ಬಂತು!" ಎನ್ನುತ್ತಾರೆ. ಇಂಥವರ ಮನೆಯ ಟಿವಿಯಲ್ಲಿ ಮಾತ್ರ ಸದಾ ರವೆ ಚೆಲ್ಲಿದಂತೆ ಬರೀ ಚುಕ್ಕೆ. "ವೈದ್ಯರ ಮನೇಲೇ ಕೆಮ್ಮು ನಿಲ್ಲಲ್ಲ" ಎಂದು ನಾವೆಲ್ಲ ನಗುತ್ತಿದ್ದೆವು. ಒಂದು ಸಂಜೆ ವೈರು ತರಲು ಅವರ ಮನೆಗೆ ಹೋದಾಗ ಕಾರಣ ತಿಳಿಯಿತು. ಅವರ ಅಂಟೆನಾ ಹತ್ತಿರದ ಸ್ಟೇಷನ್ನಿಗೆ ಬೆನ್ನು ಹಾಕಿ, ಗುಡ್ಡದಾಚೆಯ ಬೇರೆ ಭಾಷೆಯ ಸ್ಟೇಷನ್ನಿನ ಕಡೆಗೆ ನಿಂತಿತ್ತು. ಅದು ಅವರ ಹೆಂಡತಿಯ, ಅಂದರೆ ನಮ್ಮೆಲ್ಲರ ಅತ್ತೆಯ, ತವರಿನ ಭಾಷೆ. ಇಲ್ಲಿ ಆ ಭಾಷೆ ಬಲ್ಲವರು ಒಬ್ಬರೂ ಇಲ್ಲ. "ಮದುವೆಯಾದ ಹೊಸದರಲ್ಲಿ ಗೋಡೆ ಜೊತೆ ಮಾತಾಡ್ತಿದ್ದಳು ಕಣಯ್ಯಾ" ಎಂದು ಮಾವ ದನಿ ತಗ್ಗಿಸಿದರು. "ಕಲಿಯೋಕೆ ನೋಡ್ದೆ, ನನ್ನ ನಾಲಿಗೆ ತಿರುಗಲಿಲ್ಲ. ಅಂಟೆನಾನಾದರೂ ತಿರುಗಿಸೋಣ ಅಂತ." ಅಷ್ಟರಲ್ಲಿ ಟಿವಿಯ ಚುಕ್ಕೆಗಳ ನಡುವೆ ಯಾರೋ ಏನೋ ಅಂದರು, ಅತ್ತೆ ಬಿದ್ದು ಬಿದ್ದು ನಕ್ಕರು. ಒಂದು ಮಾತೂ ಅರ್ಥವಾಗದ ಮಾವ ಅತ್ತೆಯ ಮುಖವನ್ನೇ ನೋಡುತ್ತ, ಅವರಿಗಿಂತ ಜೋರಾಗಿ ನಕ್ಕರು.