ಶ್ರಾವಣಿಯ ಎಡಗಾಲು

ನಮ್ಮ ಶ್ರಾವಣಿ ಇವತ್ತು ನಾಲ್ಕನೆಯವಳಾಗಿ ಬಂದಳು! ಕಾರ್ಟ್ ಗಾಡಿಯ ರೇಸಿನಲ್ಲಿ, ಆರು ಮಕ್ಕಳೊಳಗೆ ನಾಲ್ಕನೆಯವಳು. ನೀವು ನಗುತ್ತೀರಿ, ನಗಿ. ನಾನಂತೂ ಮೊಮ್ಮಗಳ ಕೈ ಹಿಡಿದು ಬಸ್ಸಿನಿಂದ ಇಳಿದು ಬಂದು, ಪಡಸಾಲೆಯ ಕಂಬಕ್ಕೆ ಬೆನ್ನು ಹಚ್ಚಿ ಕೂತವಳು ಏಳಲಾರದೆ ಹೋದೆ. ಸೊಂಟ ಒಂದು ಕಡೆ, ಮೊಣಕಾಲು ಒಂದು ಕಡೆ. ಸೆರಗಿಗೆಲ್ಲ ಪೆಟ್ರೋಲಿನ ವಾಸನೆ.

"ಮೊದಲ ಜಳಕಾ ಮಾಡ್ರಿ ಅತ್ತಿ," ಎಂದಳು ಸೊಸೆ.

"ಇರಲಿ ಬಿಡಬೇ," ಎಂದೆ. ಆ ವಾಸನೆ ಇನ್ನೊಂದು ಗಳಿಗೆ ಮೈಮೇಲೆ ಇರಲಿ ಅನ್ನಿಸಿತು.

ನಮ್ಮದು ಗಜೇಂದ್ರಗಡ, ನೇಕಾರರ ಮನೆ. ನಾನು ಮೂರನೇ ಇಯತ್ತೆಗೆ ಸಾಲೆ ಬಿಟ್ಟವಳು. ಕಾರ್ಟ್ ಗಾಡಿಯನ್ನು ಮೊದಲ ಸಲ ನೋಡಿದಾಗ, ಇದಕ್ಕೆ ಇನ್ನೂ ಮೇಲಿನ ಭಾಗ ಕೂಡಿಸುವುದಿದೆ ಎಂದುಕೊಂಡಿದ್ದೆ. ನೆಲಕ್ಕೆ ಹೊಟ್ಟೆ ತಾಗುವಂಥ ಚೌಕಟ್ಟು, ನಾಲ್ಕು ಸಣ್ಣ ಗಾಲಿ, ಒಂದು ಕುರ್ಚಿ, ಅಷ್ಟೇ. ನರಗುಂದದ ಆಚೆ, ಮುಚ್ಚಿದ ಹತ್ತಿ ಮಿಲ್ಲಿನ ಅಂಗಳದಲ್ಲಿ ಒಬ್ಬ ಮಾಸ್ತರರು ಹಳೆಯ ಟೈರು ಸಾಲಾಗಿಟ್ಟು, ಸೊಟ್ಟಸೊಟ್ಟ ಹಾದಿ ಮಾಡಿ ಮಕ್ಕಳಿಗೆ ಕಲಿಸುತ್ತಾರೆ. ನನ್ನ ಮಗ ಗ್ಯಾರೇಜಿನವನು. ಅಲ್ಲಿಗೆ ಇಂಜಿನ್ ರಿಪೇರಿಗೆಂದು ಹೋದಾಗ ಮಗಳನ್ನೂ ಕರೆದೊಯ್ದ. ಒಂಬತ್ತು ವರ್ಷದ ಹುಡುಗಿ, ಒಮ್ಮೆ ಗಾಡಿಯಲ್ಲಿ ಕೂತವಳು ಇಳಿಯಲು ಒಲ್ಲೆ ಎಂದಳಂತೆ.

ಅಂದಿನಿಂದ ರವಿವಾರ ಬಂತೆಂದರೆ ನನಗೆ ಬಸ್ಸು. ಮಗನಿಗೆ ಅವತ್ತೇ ಗಿರಾಕಿ ಜಾಸ್ತಿ, ಸೊಸೆಗೆ ಬಸ್ಸು ಹತ್ತಿದರೆ ವಾಂತಿ. ಉಳಿದವಳು ನಾನು. ರೋಣದಲ್ಲಿ ಇಳಿದು ನರಗುಂದದ ಬಸ್ಸಿಗೆ ಕಾಯಬೇಕು. ನಿಂತರೆ ಕಾಲು ನೋಯುತ್ತವೆ, ಕೂತರೆ ಬಸ್ಸು ತಪ್ಪುವ ಹೆದರಿಕೆ. ಶ್ರಾವಣಿ ಹೆಲ್ಮೆಟ್ ತೊಟ್ಟೇ ನಿಲ್ಲುತ್ತಿದ್ದಳು. "ಯಾಕಬೇ ತಂಗಿ, ಬಸ್ ಪಲ್ಟಿ ಆಗತೈತೇನ?" ಎಂದು ಮಂದಿ ಚೇಷ್ಟೆ ಮಾಡುವರು.

ಒಬ್ಬಳೇ ಓಡಿಸುವಾಗ ಚೆನ್ನಾಗಿಯೇ ಓಡಿಸುತ್ತಿದ್ದಳು. ಫಜೀತಿಯಾದದ್ದು ಮೊದಲ ರೇಸಿನಲ್ಲಿ. ನೋಡಿ, ಇವಳು ಕೂಸಿದ್ದಾಗಿನಿಂದ ಅಜ್ಜನ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಆಡಿದವಳು. ಮಗ್ಗದ ಕೆಳಗೆ ತುಳಿಯಲು ಎರಡು ಹಲಗೆ. ಎಡ ಒತ್ತಿದರೆ ಬಲ ಬಿಡಬೇಕು, ಬಲ ಒತ್ತಿದರೆ ಎಡ. ಕಾರ್ಟಿನಲ್ಲೂ ತುಳಿಯುವುದು ಎರಡೇ; ಬಲಕ್ಕೆ ಓಟ, ಎಡಕ್ಕೆ ಬ್ರೇಕು. ಹಿಂದಿನಿಂದ ಐದು ಗಾಡಿ ಗುರ್ರೆಂದು ಬಂದ ಕೂಡಲೇ ಹುಡುಗಿ ಹೆದರಿದಳು, ಕಾಲು ಮಗ್ಗಕ್ಕೆ ಹೋದವು. ಎಡ, ಬಲ, ಎಡ, ಬಲ. ಗಾಡಿ ಜಿಗಿಯಿತು, ನಿಂತಿತು, ಮತ್ತೆ ಜಿಗಿಯಿತು, ಟೈರಿಗೆ ಮೂತಿ ಕೊಟ್ಟು ಸುಮ್ಮನಾಯಿತು. ಮಕ್ಕಳೆಲ್ಲ ಕೇಕೆ ಹಾಕಿ ನಕ್ಕರು.

ಅಂದು ಅವಳು ಉಣ್ಣದೆ ಮಲಗಿದಳು. "ಆಯಿ, ನನಗ ಗಾಡಿ ಬ್ಯಾಡ. ನನ್ನ ಕಾಲಽ ಚಲೋ ಇಲ್ಲ."

ಗಾಡಿ ಬಿಟ್ಟರೆ ಬಿಡಲಿ. ನನಗೂ ರವಿವಾರ ಕಾಲು ಚಾಚಲು ಸಿಗುತ್ತದೆ. ಆದರೆ ಇಷ್ಟು ಸಣ್ಣ ವಯಸ್ಸಿಗೆ ತನ್ನ ಕಾಲನ್ನೇ ನಂಬದಿದ್ದರೆ ಮುಂದೆ ಏನನ್ನು ನಂಬಿಯಾಳು? ಅದು ನನ್ನ ಎದೆಗೆ ಹತ್ತಿತು.

ನಾನು ಅಸೂಟಿಯ ಒಕ್ಕಲುತನದ ಮನೆಯಿಂದ ಸೊಸೆಯಾಗಿ ಬಂದಾಗ ಮಗ್ಗ ಕಂಡವಳಲ್ಲ. ಕಾಲು ತಪ್ಪಿ ತುಳಿದು ನೂಲು ಹರಿಯುತ್ತಿದ್ದೆ. ನಮ್ಮ ಅತ್ತೆ ನನ್ನ ಎಡಗಾಲಿನ ಹೆಬ್ಬೆರಳಿಗೆ ಕೆಂಪು ರೇಷ್ಮೆ ಎಳೆ ಕಟ್ಟಿ, "ಕೆಳಗ ನೋಡಬ್ಯಾಡ. ಯಾವ ಕಾಲಂತ ಬೆರಳ ಹೇಳತೈತಿ," ಎಂದಿದ್ದರು. ಶ್ರಾವಣಿಗೂ ಹಾಗೇ ಕಟ್ಟಿದೆ. "ಎಳಿ ಇರೋ ಕಾಲ ಸುಮ್ಮ ಕುಂದರ್ಲಿ. ತಿರುವಿನ್ಯಾಗ ಅಷ್ಟ ಎಬ್ಬಸು," ಎಂದೆ.

ನಮ್ಮ ಮನೆಯವರು ಲಾಳಿ ನಿಲ್ಲಿಸಿ ನಕ್ಕರು. "ಗಾಡಿಗೂ ಮಗ್ಗದ ವಿದ್ಯಾ ಕಲಸಾಕತ್ತೀಯೇನ?"

"ಮತ್ತ ನನಗ ಬ್ಯಾರೆ ಏನ್ ಬರತೈತ್ರಿ?"

ಮತ್ತೆ ಬಸ್ಸು, ಮತ್ತೆ ರೋಣ, ಮತ್ತೆ ಧೂಳು. ಮಾಸ್ತರರು ಒಳ್ಳೆಯವರು, ಅವಸರ ಮಾಡಲಿಲ್ಲ. ಮೊದಲು ಅವಳ ಹಿಂದೆ ಒಂದೇ ಗಾಡಿ ಓಡಿಸಿದರು, ಆಮೇಲೆ ಎರಡು. ಹೆದರಿದ ದಿನ ಅಳುತ್ತ ಇಳಿದಳು, ಹೆದರದ ದಿನ ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ನಿದ್ದೆ ಹೋದಳು.

ಇವತ್ತು ಆರೂ ಗಾಡಿ ಒಟ್ಟಿಗೆ ಹೊರಟವು. ನಾನು ಟೈರಿನ ಮೇಲೆ ಕೂತು ಕಣ್ಣು ಮುಚ್ಚಿಬಿಟ್ಟೆ. ಜಿಗಿಯುವ ಸಪ್ಪಳ ಬರಲೇ ಇಲ್ಲ. ಕಣ್ಣು ಬಿಟ್ಟರೆ ಕಟ್ಟಕಡೆಗಿದ್ದವಳು ಒಬ್ಬನನ್ನು ದಾಟಿದ್ದಳು, ಆಮೇಲೆ ಇನ್ನೊಬ್ಬನನ್ನು. ರೇಸು ಮುಗಿಸಿ ಅವಳು ಇಳಿದು ಓಡಿ ಬಂದಾಗ ನಾನು ಬಗ್ಗಿ ಅವಳ ಬೂಟು ಹಿಡಿದೆ. "ನೋಡಿದೇನು, ಎಳಿ ಹ್ಯಾಂಗ ಕೆಲಸಾ ಮಾಡ್ತು!"

"ಎಳೀನ? ಬೂಟಿನ್ಯಾಗ ಚುಚ್ಚತಿತ್ತ ಆಯಿ. ಮುಂಜಾನೆ ರೋಣದಾಗ ಬಿಚ್ಚಿ ಒಗದೆ."

ನನ್ನ ವಿದ್ಯೆಯೆಲ್ಲ ರೋಣದ ಬಸ್‌ಸ್ಟ್ಯಾಂಡಿನಲ್ಲಿ ಬಿದ್ದಿತ್ತು. ಓಡಿಸಿದ್ದು ಬರೀ ಅವಳ ಕಾಲು. ನನಗೆ ಅದೇ ಹೆಚ್ಚು ಖುಷಿಯಾಯಿತು.

ಸಂಜೆ ಎಲ್ಲರೂ ಒಟ್ಟಿಗೆ ಉಣ್ಣಲು ಕೂತೆವು. ಮಗ ಗ್ಯಾರೇಜು ಲಗೂನೆ ಮುಚ್ಚಿ ಬಂದಿದ್ದ, ಸೊಸೆ ಸಿಹಿಗೆಂದು ಸಜ್ಜಕ ಮಾಡಿದ್ದಳು. ನನಗೆ ರೊಟ್ಟಿ ಮುರಿಯುವಷ್ಟೂ ತ್ರಾಣವಿರಲಿಲ್ಲ. ಶ್ರಾವಣಿ ಇವತ್ತಿನ ಓಟದ ಸುದ್ದಿ ಹೇಳುತ್ತಾಳೆಂದು ಕಾದರೆ, ಅವಳು ಆ ಮೊದಲ ರೇಸಿನ ಸುದ್ದಿ ಎತ್ತಿದಳು. ಅದನ್ನು ಮನೆಯಲ್ಲಿ ಯಾರೂ ಬಾಯಿಗೆ ತರುತ್ತಿರಲಿಲ್ಲ. "ಅಜ್ಜ, ನಾ ಹಿಂಗ ಹೋಗಿದ್ದೆ ನೋಡು," ಎಂದು ಕೂತಲ್ಲೇ ಎರಡೂ ಕಾಲು ಕುಟ್ಟಿ ಕುಟ್ಟಿ ತೋರಿಸಿದಳು. ಸಾರಿನ ವಾಟಗಾ ಉರುಳಿತು. ನಮ್ಮ ಮನೆಯವರು ನಕ್ಕು ನಕ್ಕು ಕೆಮ್ಮಿದರು. ಸೊಸೆ ಬಯ್ಯಲು ಹೋಗಿ ತಾನೂ ನಕ್ಕಳು.

ನಾನು ಗೋಡೆಗೆ ಒರಗಿದೆ. ಶ್ರಾವಣಿ ಸಜ್ಜಕದ ಒಂದು ತುತ್ತು ಮಾಡಿ ನನ್ನ ಬಾಯಿಗಿಟ್ಟಳು.

"ಹೊಟ್ಟಿ ತುಂಬ ಉಣ್ಣು ಆಯಿ. ಬರೂ ರವಿವಾರ ಮತ್ತ ಹೋಗೂದೈತಿ."